ಗುಮ್ಮಟದ ಮುಂದೆ ಫೋಟೋ ತೆಗೆಸಿಕೊಂಡರೆ ಎಂಐಟಿ ನೋಡಿದ ಹಾಗಲ್ಲ

ಇವತ್ತು ಮತ್ತೊಂದು ಆಲ್ಬಮ್ ಕಣ್ಣಿಗೆ ಬಿತ್ತು. ಬಾಸ್ಟನ್‌ಗೆ ಹೋದ ಸ್ನೇಹಿತರ ಗುಂಪು, ದೊಡ್ಡ ಕಂಬಗಳ ಮುಂದೆ ಸಾಲಾಗಿ ನಿಂತಿದೆ, ಕೆಳಗೆ ‘ಎಂಐಟಿ ಮುಗೀತು, ಮುಂದೆ ಹಾರ್ವರ್ಡ್’ ಅಂತ ಬರಹ. (ಮಣಿಪಾಲದ ಎಂಐಟಿ ಅಲ್ಲ, ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿ, ಅಮೆರಿಕದ ಕೇಂಬ್ರಿಜ್‌ನದು.) ಮುಗಿದದ್ದಾದರೂ ಏನು? ಒಳಗೆ ಕಾಲಿಟ್ಟಿಲ್ಲ. ಬೆನ್ನ ಹಿಂದೆ ಕಾಣುತ್ತಿರುವುದು ಅವರು ಅಂದುಕೊಂಡ ಗುಮ್ಮಟವೂ ಅಲ್ಲ.

ಈ ಎಡವಟ್ಟು ಯಾಕಾಗುತ್ತದೆ ಅಂತ ಹೇಳುತ್ತೇನೆ. ಬಸ್ಸು, ಟ್ಯಾಕ್ಸಿ ಎಲ್ಲವೂ ಜನರನ್ನು ಇಳಿಸುವುದು ಮೆಸಾಚುಸೆಟ್ಸ್ ಅವೆನ್ಯೂ 77ರಲ್ಲಿ. ಅಲ್ಲಿರುವುದು 7ನೇ ಕಟ್ಟಡ. ಅದರ ಮೇಲೂ ಒಂದು ಗುಮ್ಮಟ ಇದೆ, ಚಿಕ್ಕದು, 1930ರ ದಶಕದಲ್ಲಿ ಸೇರಿಸಿದ್ದು. ಎಲ್ಲ ಪುಸ್ತಕಗಳಲ್ಲಿ ಕಾಣುವ ‘ಗ್ರೇಟ್ ಡೋಮ್’ ಇರುವುದು 10ನೇ ಕಟ್ಟಡದ ಮೇಲೆ, ಮುಖ ಚಾರ್ಲ್ಸ್ ನದಿಯ ಕಡೆಗೆ. 1861ರಲ್ಲಿ ಹುಟ್ಟಿದ ಈ ಸಂಸ್ಥೆ 1916ರಲ್ಲಿ ಬಾಸ್ಟನ್‌ನಿಂದ ನದಿ ದಾಟಿ ಇಲ್ಲಿಗೆ ಬಂದಾಗ ವಾಸ್ತುಶಿಲ್ಪಿ ವಿಲಿಯಂ ವೆಲ್ಸ್ ಬಾಸ್‌ವರ್ತ್ ನದಿಗೆ ಎದುರಾಗಿಯೇ ಮುಖ್ಯ ಅಂಗಳ ಇಟ್ಟರು. ಈಗ ಎಲ್ಲರೂ ಬರುವುದು ಪಕ್ಕದ ಬಾಗಿಲಿನಿಂದ. ಅಲ್ಲೇ ನಿಂತು, ಅಲ್ಲಿಂದಲೇ ವಾಪಸ್!

‘ನಮಗಿರೋದು ಒಂದೇ ದಿನ, ಹಾರ್ವರ್ಡೂ ನೋಡಬೇಕಲ್ಲ’ ಅನ್ನುತ್ತಾರೆ. ಸ್ವಾಮಿ, ರೆಡ್ ಲೈನ್ ರೈಲಿನಲ್ಲಿ ಎಂಐಟಿ ಪಕ್ಕದ ಕೆಂಡಲ್ ಸ್ಟೇಷನ್ ಆದಮೇಲೆ ಹಾರ್ವರ್ಡ್ ಎರಡನೇ ಸ್ಟಾಪು. 77ರ ಹತ್ತಿರದಿಂದ 1ನೇ ನಂಬರ್ ಬಸ್ಸು ಹಾರ್ವರ್ಡ್ ಚೌಕಕ್ಕೇ ಹೋಗುತ್ತದೆ. ಬೆಳಿಗ್ಗೆ ಪೂರ್ತಿ ಇಲ್ಲಿ ಕಳೆದು ಮಧ್ಯಾಹ್ನ ಅಲ್ಲಿಗೆ ಹೋಗಬಹುದು. ಸಮಯದ ಮಾತು ಬರೀ ನೆಪ. ‘ನಾವೇನು ಎಂಜಿನಿಯರುಗಳಾ, ನಮಗೇನು ಅರ್ಥ ಆಗುತ್ತೆ?’ ಅನ್ನುವುದು ಇನ್ನೊಂದು. ಕಣ್ಣಿದ್ದರೆ ಸಾಕು.

ಹೋಗಬೇಕಾದದ್ದು ಹೀಗೆ. ಬಾಸ್ಟನ್‌ನ ಪಾರ್ಕ್ ಸ್ಟ್ರೀಟ್‌ನಲ್ಲಿ ಏಲ್‌ವೈಫ್ ಕಡೆಯ ರೆಡ್ ಲೈನ್ ಹತ್ತಿ, ಎಡಗಡೆ ಕಿಟಕಿ ಹಿಡಿಯಿರಿ. ಮೊದಲ ಸ್ಟಾಪು ಚಾರ್ಲ್ಸ್ ಆದಕೂಡಲೇ ರೈಲು ಸೇತುವೆ ಮೇಲೆ ಹೋಗುತ್ತದೆ, ನದಿ ಪೂರ್ತಿ ಕಾಣುತ್ತದೆ. ಮುಂದಿನದೇ ಕೆಂಡಲ್. ಇಳಿದರೆ ಕ್ಯಾಂಪಸ್ಸಿನ ಪೂರ್ವ ತುದಿಯಲ್ಲಿರುತ್ತೀರಿ. ಪೂರ್ವದಿಂದ ಪಶ್ಚಿಮಕ್ಕೆ ನಡೆಯುತ್ತಾ ಹೋದರೆ ಒಂದೇ ದಾರಿಯಲ್ಲಿ ಎಲ್ಲ ಸಿಗುತ್ತದೆ. ಪಶ್ಚಿಮದಿಂದ ಶುರುಮಾಡಿದವರು ಅರ್ಧಕ್ಕೇ ಸುಸ್ತಾಗಿ ತಿರುಗುತ್ತಾರೆ, ಪೂರ್ವದ ಕಟ್ಟಡಗಳು ಉಳಿದೇಹೋಗುತ್ತವೆ. ಒಂದು ಎಚ್ಚರಿಕೆ: ಕೆಲವು ಬಾಗಿಲುಗಳು ಗುರುತಿನ ಕಾರ್ಡ್ ಇದ್ದವರಿಗೆ ಮಾತ್ರ ತೆರೆಯುತ್ತವೆ. ಹೊರಡುವ ಮೊದಲು ಸಂಸ್ಥೆಯ ಜಾಲತಾಣದಲ್ಲಿ ಪ್ರವೇಶದ ನಿಯಮ ನೋಡಿಕೊಳ್ಳಿ. ಎಂಐಟಿಯ ಮ್ಯೂಸಿಯಂ ಕೆಂಡಲ್ ಸ್ಟೇಷನ್ ಪಕ್ಕದಲ್ಲೇ ಇದೆ, ಟಿಕೆಟ್ ಬೇಕು. ಮಳೆ ಬಂದರೆ ಅದಕ್ಕೆ ಹೋಗಿ.

ಮೊದಲು ಸಿಗುವುದು ಸ್ಟೇಟಾ ಸೆಂಟರ್, 32ನೇ ಕಟ್ಟಡ. ಫ್ರಾಂಕ್ ಗೆಹ್ರಿ ವಿನ್ಯಾಸ, 2004ರದು. ಗೋಡೆಗಳೆಲ್ಲ ವಾಲಿವೆ, ಒಂದಕ್ಕೊಂದು ಡಿಕ್ಕಿ ಹೊಡೆದಂತಿವೆ. ನೀರು ಸೋರುತ್ತದೆ ಅಂತ ಸಂಸ್ಥೆಯೇ 2007ರಲ್ಲಿ ಮೊಕದ್ದಮೆ ಹೂಡಿತ್ತು, 2010ರಲ್ಲಿ ರಾಜಿ ಆಯಿತು. ಇದಕ್ಕಿಂತ ದೊಡ್ಡ ವಿಷಯ ಆ ಜಾಗದ್ದು. 1943ರಲ್ಲಿ ಯುದ್ಧಕಾಲದ ರಾಡಾರ್ ಸಂಶೋಧನೆಗೆಂದು ತಾತ್ಕಾಲಿಕವಾಗಿ ಎಬ್ಬಿಸಿದ ಮರದ ಕಟ್ಟಡ ಇಲ್ಲಿತ್ತು, 20ನೇ ನಂಬರಿನದು. 1998ರವರೆಗೂ ನಿಂತಿತ್ತು. ಬೇಕೆಂದಾಗ ಗೋಡೆ ಒಡೆದು ವೈರು ಎಳೆಯಬಹುದಿತ್ತು, ಯಾರೂ ಬೇಡ ಅನ್ನುತ್ತಿರಲಿಲ್ಲ. ನೋಮ್ ಚಾಮ್‌ಸ್ಕಿಯವರ ಭಾಷಾವಿಜ್ಞಾನ ವಿಭಾಗ ಇದ್ದದ್ದೂ ಅದರಲ್ಲೇ. ಇಂಥ ಜಾಗದ ಮುಂದೆ ಹಾದುಹೋದವರ ಆಲ್ಬಮ್ಮಿನಲ್ಲಿ ಇದರ ಸುಳಿವೇ ಇರುವುದಿಲ್ಲ.

ಅಲ್ಲಿಂದ ದಕ್ಷಿಣಕ್ಕೆ ಗ್ರೀನ್ ಬಿಲ್ಡಿಂಗ್, ನಂಬರ್ 54. ಐ. ಎಂ. ಪೇ ವಿನ್ಯಾಸ, 1964. ಬುಡದಲ್ಲಿ ದೊಡ್ಡ ತೆರೆದ ಕಮಾನು ಬಿಟ್ಟಿದ್ದಾರೆ. ಎತ್ತರದ ಕಟ್ಟಡಕ್ಕೆ ಬಡಿದ ಗಾಳಿ ಕೆಳಗಿಳಿದು ಆ ಕಿಂಡಿಯಲ್ಲಿ ನುಗ್ಗುತ್ತಿತ್ತು. ಬಿರುಗಾಳಿಯ ದಿನ ಬಾಗಿಲು ತೆರೆಯುವುದೇ ಕಷ್ಟವಾಗಿ ಆಮೇಲೆ ತಿರುಗುಬಾಗಿಲು ಹಾಕಿದರು. ಮುಂದಿರುವ ಅಲೆಕ್ಸಾಂಡರ್ ಕಾಲ್ಡರ್‌ನ ಕಪ್ಪು ಉಕ್ಕಿನ ‘ದೊಡ್ಡ ಹಾಯಿ’ ಶಿಲ್ಪವನ್ನು ಗಾಳಿ ತಡೆಯಲೆಂದೇ ಇಟ್ಟರು ಅನ್ನುವುದು ಕಟ್ಟುಕಥೆ, ನಂಬಬೇಡಿ.

ಈಗ ಒಳಗೆ. ನಂಬರುಗಳ ಲೆಕ್ಕ ತಿಳಿದಿದ್ದರೆ ಯಾರನ್ನೂ ದಾರಿ ಕೇಳಬೇಕಿಲ್ಲ. ನದಿಗೆ ಬೆನ್ನುಮಾಡಿ ದೊಡ್ಡ ಗುಮ್ಮಟ ನೋಡುತ್ತಾ ನಿಂತರೆ ನಡುವೆ 10, ಎಡಕ್ಕೆ 1, 3, 5, 7, ಬಲಕ್ಕೆ 2, 4, 6, 8. 10-250 ಅಂದರೆ 10ನೇ ಕಟ್ಟಡ, 2ನೇ ಮಹಡಿ, 50ನೇ ಕೋಣೆ. ನಮ್ಮವರು ಎಡವುವುದು ಇಲ್ಲೇ. ಅಮೆರಿಕದಲ್ಲಿ ನೆಲಮಹಡಿಯನ್ನೇ ಒಂದು ಅಂತ ಎಣಿಸುತ್ತಾರೆ, ಅವರ 2ನೇ ಮಹಡಿ ನಮ್ಮ ಮೊದಲನೆಯದು.

7, 3, 10, 4, 8 ಇವನ್ನೆಲ್ಲ ಪೋಣಿಸುವುದು ‘ಇನ್‌ಫಿನಿಟ್ ಕಾರಿಡಾರ್’, 251 ಮೀಟರ್ ಉದ್ದದ ನೇರ ನಡುದಾರಿ. ಇದೇ ನಿಜವಾದ ಎಂಐಟಿ. ಪಾಠಗಳು ಗಂಟೆಗೆ ಐದು ನಿಮಿಷ ಮುಂಚೆ ಮುಗಿದು, ಗಂಟೆಯಾಗಿ ಐದು ನಿಮಿಷಕ್ಕೆ ಶುರುವಾಗುತ್ತವೆ. ಆ ಹತ್ತು ನಿಮಿಷ ಇಲ್ಲಿ ಜಾತ್ರೆ. ಗುಂಪಾಗಿ ಹೋದವರು ಅಡ್ಡ ನಿಲ್ಲದೆ ಗೋಡೆಬದಿಗೆ ಸರಿಯಿರಿ, ಹುಡುಗರು ಓಡುತ್ತಿರುತ್ತಾರೆ. ಭಾನುವಾರ ಹೋದರೆ ಇದ್ಯಾವುದೂ ಇರುವುದಿಲ್ಲ, ಖಾಲಿ ಓಣಿ ಮಾತ್ರ. ನವೆಂಬರ್ ಮಧ್ಯಭಾಗದ ಆಸುಪಾಸು, ಮತ್ತೆ ಜನವರಿ ಕೊನೆಗೆ, ಮುಳುಗುವ ಸೂರ್ಯ ಈ ಓಣಿಯ ನೇರಕ್ಕೆ ಬರುತ್ತಾನೆ. ಬೆಳಕು ಪಶ್ಚಿಮದ ಕಿಟಕಿಯಿಂದ ನುಗ್ಗಿ ಪೂರ್ವದ ತುದಿ ಮುಟ್ಟುತ್ತದೆ. ಕೆಲವೇ ನಿಮಿಷ. ಬರಿಗಣ್ಣಲ್ಲಿ ದಿಟ್ಟಿಸಬೇಡಿ.

4ನೇ ಕಟ್ಟಡದ 4ನೇ ಮಹಡಿಯನ್ನು ಬಿಡಲೇಬೇಡಿ. ಸ್ಟ್ರೋಬ್, ಅಂದರೆ ಬಿಟ್ಟುಬಿಟ್ಟು ಮಿಂಚುವ ದೀಪದಿಂದ ಕ್ಷಣವನ್ನು ಹಿಡಿದು ನಿಲ್ಲಿಸಿದ ಹೆರಾಲ್ಡ್ ಎಡ್ಜರ್ಟನ್ ಕೆಲಸ ಮಾಡಿದ ಓಣಿ ಅದು. ಸೇಬನ್ನು ಸೀಳಿಹೋಗುವ ಗುಂಡು, ಕಿರೀಟದಂತೆ ಎದ್ದ ಹಾಲಿನ ಹನಿ, ಈ ಚಿತ್ರಗಳೆಲ್ಲ ಅವರವು. ಸೂತ್ರ ಸರಳ. ಹನಿಗಳು ಎಷ್ಟು ಬೇಗ ಬೀಳುತ್ತವೋ ದೀಪವೂ ಅಷ್ಟೇ ಬೇಗ ಮಿಂಚಿದರೆ ಹನಿ ಗಾಳಿಯಲ್ಲಿ ನಿಂತ ಹಾಗೆ ಕಾಣುತ್ತದೆ. ಮಿಂಚು ಸ್ವಲ್ಪ ನಿಧಾನವಾದರೆ ಹನಿ ಮೆಲ್ಲಗೆ ಇಳಿಯುತ್ತದೆ. ಸ್ವಲ್ಪ ಚುರುಕಾದರೆ ಮೇಲಕ್ಕೆ ಏರುತ್ತದೆ! ಮಕ್ಕಳಿಗೆ ಬೇಜಾರಾಗುತ್ತೆ ಅನ್ನುವವರೇ, ಇದನ್ನು ನೋಡಿ ಬೇಜಾರಾಗುವ ಮಗು ಎಲ್ಲಿದೆ?

7ನೇ ಕಟ್ಟಡದಿಂದ ಹೊರಬಂದು ರಸ್ತೆ ದಾಟಿದರೆ ವಾಸ್ತುಶಿಲ್ಪಿ ಏರೋ ಸಾರಿನೆನ್‌ನ ಎರಡು ಕಟ್ಟಡ, ಎರಡೂ 1955ರವು. ಕ್ರೆಸ್ಗಿ ಸಭಾಂಗಣದ ಚಾವಣಿ ಗೋಳದ ಎಂಟನೇ ಒಂದು ಭಾಗ, ನೆಲಕ್ಕೆ ತಾಗುವುದು ಮೂರೇ ಕಡೆ. ಕಾಂಕ್ರೀಟಿನ ಅಚ್ಚು ಬಿಚ್ಚಿದ ಮೇಲೆ ಅಂಚುಗಳು ಬಾಗಿದವು, ಹಾಗಾಗಿ ಗಾಜಿನ ನಡುವಿನ ಉಕ್ಕಿನ ಕಂಬಿಗಳೂ ಭಾರ ಹೊರುತ್ತವೆ.

ಇನ್ನೊಂದು ಪ್ರಾರ್ಥನಾ ಮಂದಿರ. ಕಿಟಕಿಯೇ ಇಲ್ಲದ ಇಟ್ಟಿಗೆಯ ದುಂಡು ಗೋಡೆ, ಸುತ್ತ ನೀರಿನ ಕಂದಕ. ಎಲ್ಲ ಧರ್ಮದವರಿಗೂ ಸೇರಿದ್ದು. ಜನ ಬಾಗಿಲಲ್ಲಿ ಇಣುಕಿ, ಕತ್ತಲು ಅಂತ ಹೊರಟುಬಿಡುತ್ತಾರೆ. ಇದನ್ನು ನೆನೆದರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ. ಬಿಸಿಲಿನಿಂದ ಬಂದ ಕಣ್ಣು ಹೊಂದಿಕೊಳ್ಳಲು ಮೂರು ನಾಲ್ಕು ನಿಮಿಷ ಬೇಕು, ಕೂತುಕೊಳ್ಳಿ. ಮೇಲಿನ ದುಂಡು ಕಿಂಡಿಯಿಂದ ಬಿಳಿ ಅಮೃತಶಿಲೆಯ ಪೀಠದ ಮೇಲೆ ಬೆಳಕು ಸುರಿಯುತ್ತದೆ. ಆ ಬೆಳಕಲ್ಲಿ ಶಿಲ್ಪಿ ಹ್ಯಾರಿ ಬರ್ಟೋಯ ತೂಗುಬಿಟ್ಟ ಲೋಹದ ಚೂರುಗಳು ಮಿನುಗುತ್ತವೆ. ಆಮೇಲೆ ಗೋಡೆಯ ಬುಡ ನೋಡಿ. ಕಂದಕದ ನೀರಿಗೆ ಬಿದ್ದ ಬಿಸಿಲು ಕೆಳಗಿನ ಗಾಜಿನಿಂದ ಒಳಗೆ ಚಿಮ್ಮಿ, ಒರಟು ಇಟ್ಟಿಗೆಯ ಮೇಲೆ ಅಲೆಅಲೆಯಾಗಿ ಅಲುಗುತ್ತಿರುತ್ತದೆ. ಮೋಡವಿದ್ದರೆ ಇದು ಕಾಣದು, ಆದ್ದರಿಂದ ಬಿಸಿಲು ಬಂದ ಹೊತ್ತಿಗೆ ಬೇರೆಲ್ಲ ಬಿಟ್ಟು ಇಲ್ಲಿಗೆ ಬನ್ನಿ. ಪೂಜೆಯೋ ಮದುವೆಯೋ ನಡೆಯುತ್ತಿದ್ದರೆ ಹೊರಗೆ ಕಾಯಿರಿ.

ಬಾಸ್ಟನ್‌ಗೆ ಮರಳುವವರು ರೈಲು ಹುಡುಕಬೇಡಿ, ಹಾರ್ವರ್ಡ್ ಸೇತುವೆ ಮೇಲೆ ನಡೆದೇ ದಾಟಿ. ಕಾಲುದಾರಿಯಲ್ಲಿ ‘ಸ್ಮೂಟ್’ ಎಂಬ ತಮಾಷೆಯ ಅಳತೆಯಲ್ಲಿ, ಹತ್ತು ಹತ್ತು ಸ್ಮೂಟ್‌ಗೆ ಬಣ್ಣದ ಗುರುತು ಇದೆ. 1958ರಲ್ಲಿ ಐದಡಿ ಏಳಿಂಚಿನ ಆಲಿವರ್ ಸ್ಮೂಟ್ ಎಂಬ ವಿದ್ಯಾರ್ಥಿಯನ್ನು ಮತ್ತೆ ಮತ್ತೆ ಮಲಗಿಸಿ ಸೇತುವೆ ಅಳೆದಾಗ ಬಂದ ಉದ್ದ 364.4 ಸ್ಮೂಟ್ ಮತ್ತು ಒಂದು ಕಿವಿ. ಅದೇ ಸ್ಮೂಟ್ ಮುಂದೆ ಅಂತಾರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್‌ಒ ಅಧ್ಯಕ್ಷರಾದರು. ಗುರುತು ಕಾಣದಿದ್ದರೆ ಸೇತುವೆಯ ಇನ್ನೊಂದು ಬದಿಗೆ ಹೋಗಿ. ಚಳಿಗಾಲದಲ್ಲಿ ನದಿಯ ಗಾಳಿ ಕಿವಿ ಕೊರೆಯುತ್ತದೆ, ಟೋಪಿ ಇರಲಿ. ಆಚೆ ದಡದಿಂದ ಅದೇ ರಸ್ತೆಯಲ್ಲಿ ನೇರ ಹೋದರೆ ಹೈನ್ಸ್ ಸ್ಟೇಷನ್, ಗ್ರೀನ್ ಲೈನ್.