ಇಳಿಜಾರಿನ ಮಾತು ಬಿಟ್ಟುಹೋಗಿದೆ
ಗೇರಿಲ್ಲದ ಹಗುರ ಸ್ಕೂಟರಿನಲ್ಲಿ ಒಬ್ಬರೇ ದೂರ ಹೋಗುವುದು ಹುಡುಗಾಟ ಎಂದು ಸ್ಕೂಟರ್ ಪ್ರಯಾಣದ ಲೇಖನವೊಂದರಲ್ಲಿ ಅದರ ಲೇಖಕರು ಬರೆದಿರುವುದನ್ನು ಒಪ್ಪಲಾರೆ. ಪುಣೆಯ ಕೋಥರೂಡಿನಿಂದ ಬೆಳಗಾವಿಯ ತವರಿಗೆ ಸುಮಾರು 340 ಕಿಲೋಮೀಟರ್. ಐವತ್ತೆರಡರ ವಯಸ್ಸಿನಲ್ಲಿ, ನನ್ನ 110 ಸಿಸಿ ಸ್ಕೂಟರಿನಲ್ಲಿ ಮೂರು ಬಾರಿ ಹೋಗಿ ಬಂದಿದ್ದೇನೆ. ನಿಪ್ಪಾಣಿಯ ಬಳಿ ಮಳೆಯ ಕೆಸರಿನಲ್ಲಿ ಜಾರಿ ಬಿದ್ದಾಗ ಬಂಡಿಯನ್ನು ನಾನೇ ಎತ್ತಿ ನಿಲ್ಲಿಸಿದೆ. ಇನ್ನೂರು ಕಿಲೋ ತೂಗುವ ಬೈಕಾಗಿದ್ದರೆ ಯಾರಾದರೂ ಪುಣ್ಯಾತ್ಮರು ಬರುವವರೆಗೆ ಕಾಯಬೇಕಿತ್ತು.

ನಿಜವಾದ ತೊಂದರೆ ಇಳಿಜಾರಿನದು. ಲೇಖನದಲ್ಲಿ ಅದರ ಸುದ್ದಿಯೇ ಇಲ್ಲ. ಬೆಳಗಾವಿಯಿಂದ ಗೋವಾ ಕಡೆಗೆ ಚೋರ್ಲಾ ಘಾಟಿ ಇಳಿಯುವಾಗ ಆಕ್ಸಿಲರೇಟರ್ ಪೂರ್ತಿ ಬಿಟ್ಟರೆ, ವೇಗ ತಗ್ಗಿದಂತೆ ಎಂಜಿನ್ನನ್ನು ಚಕ್ರಕ್ಕೆ ಜೋಡಿಸುವ ಕ್ಲಚ್ ತಾನಾಗಿಯೇ ಬಿಡಿಸಿಕೊಳ್ಳುತ್ತದೆ. ಎಂಜಿನ್ನಿನ ಹಿಡಿತ ತಪ್ಪಿ ಭಾರವೆಲ್ಲ ಬ್ರೇಕಿನ ಮೇಲೆ ಬೀಳುತ್ತದೆ. ಡ್ರಮ್ ಬ್ರೇಕ್ ಕಾದರೆ ಸರಿಯಾಗಿ ಹಿಡಿಯುವುದಿಲ್ಲ. ಆದ್ದರಿಂದ ನಡುನಡುವೆ ನಿಲ್ಲಿಸಿ ತಣಿಸುತ್ತೇನೆ. ಚಹಾಕ್ಕೂ ಅದೇ ನೆಪ. ಚಿಕ್ಕ ಚಕ್ರ ಗುಂಡಿಗೆ ಇಳಿದಾಗಲೆಲ್ಲ ಸೊಂಟ ಲೆಕ್ಕ ಬರೆದಿಟ್ಟುಕೊಳ್ಳುತ್ತದೆ, ಅದನ್ನು ಮಾತ್ರ ಒಪ್ಪುತ್ತೇನೆ. ಹೊರಡುವ ಮುನ್ನ, ಎಂಜಿನ್ನಿನ ಶಕ್ತಿಯನ್ನು ಹಿಂದಿನ ಚಕ್ರದ ಕಡೆಗೆ ಸಾಗಿಸುವ ಡ್ರೈವ್ ಬೆಲ್ಟ್ ಪರೀಕ್ಷೆ ಮಾಡಿಸಿ, ದಾರಿಯಲ್ಲಿ ಹರಿದರೆ ತಳ್ಳುವುದೊಂದೇ ಗತಿ. ಮುಂಬೈಯಿಂದ ಬರುವವರು ಹಳೆಯ ಹೆದ್ದಾರಿಯಲ್ಲೇ ಬನ್ನಿ, ಮುಂಬೈ-ಪುಣೆ ಎಕ್ಸ್‌ಪ್ರೆಸ್‌ವೇಯಲ್ಲಿ ದ್ವಿಚಕ್ರ ವಾಹನಗಳನ್ನು ಬಿಡುವುದಿಲ್ಲ.