ಎರಡು ಗಂಟೆಯ ಹಗೇವು

ನಮ್ಮೂರಿಗೆ ಬಸ್ ಬರುತ್ತೆ ಅಂತ ಸುದ್ದಿ ಹಬ್ಬಿಸಿದವನು ಪಂಚಾಯಿತಿಯ ವಾಟರ್‌ಮ್ಯಾನ್. ಅವನದೇನೂ ತಪ್ಪಿಲ್ಲ. ಆಫೀಸಿಗೆ ಬಂದ ಕಾಗದದಲ್ಲಿ ‘ಬೆಸ್’ ಅಂತಿತ್ತು. ಅವನು ಹಾಗೇ ಹೇಳಿದ, ಊರು ಬಸ್ ಅಂತ ಕೇಳಿಸಿಕೊಂಡಿತು. ಹೆಂಗಸರಿಗೆ ಟಿಕೆಟ್ ಫ್ರೀ ಆದಮೇಲೆ ನಮ್ಮಲ್ಲಿ ಕೊರತೆ ಅಂತ ಉಳಿದಿರುವುದು ಬಸ್ಸೊಂದೇ ನೋಡಿ. ಹಾಗಾಗಿ ಸಭೆಯ ದಿನ ಅರಳಿಕಟ್ಟೆ ಮುಂದೆ ಜಾತ್ರೆಯಷ್ಟು ಜನ. ಒಬ್ಬ ಅಜ್ಜಿಯಂತೂ ಎಲೆಅಡಿಕೆ ಚೀಲ ಸೊಂಟಕ್ಕೆ ಸಿಕ್ಕಿಸಿಕೊಂಡು, ಮಗಳ ಮನೆಗೆ ಅಂತ ಒಂದು ಗಂಟು ಕಡಲೆಕಾಯಿ ಕಟ್ಟಿಕೊಂಡು ಹೊರಟೇ ಬಂದಿದ್ದರು.

ಪರದೆ ಮೇಲೆ ಬಂದ ಚಿತ್ರ ನೋಡಿದರೂ ಅನುಮಾನ ಹೋಗಲಿಲ್ಲ. ಬಸ್ಸಿನಷ್ಟು ಎತ್ತರದ ಬಿಳಿ ಪೆಟ್ಟಿಗೆಗಳು, ಡಿಪೋದಲ್ಲಿ ನಿಂತ ಹಾಗೆ ಸಾಲಾಗಿ ನಿಂತಿದ್ದವು. ಕಿಟಕಿ ಮಾತ್ರ ಇರಲಿಲ್ಲ. ಇಂಜಿನಿಯರ್ ಹುಡುಗ ಮೈಕ್ ಹಿಡಿದು, “ಬೆಸ್ ಅಂದ್ರೆ ಕರೆಂಟ್ ಕೂಡಿಡೋ ಬ್ಯಾಟರಿ. ಹಗಲು ಸೋಲಾರ್ ಕರೆಂಟ್ ತುಂಬಿಟ್ಟುಕೊಳ್ಳುತ್ತೆ, ಹೊತ್ತು ಮುಳುಗಿದ ಮೇಲೆ ಬಿಡುತ್ತೆ” ಅಂದ.

ಸೋಲಾರ್ ನಮಗೆ ಹೊಸದಲ್ಲ. ನಾವು ಪಾವಗಡ ಸೀಮೆಯವರು. ಬರ ನಮ್ಮ ಕಾಯಂ ಬೆಳೆ. ತಿರುಮಣಿ, ವಳ್ಳೂರು ಸೇರಿ ಐದು ಊರುಗಳ ಸುಮಾರು 13,000 ಎಕರೆಯಲ್ಲಿ 2,050 ಮೆಗಾವಾಟಿನ ಗಾಜಿನ ಹೊಲ ಎದ್ದಿದ್ದು ನಮ್ಮ ಕಣ್ಣೆದುರಿಗೇ. ಎಕರೆಗೆ ವರ್ಷಕ್ಕೆ 21,000 ರೂಪಾಯಿಯಿಂದ ಶುರುವಾದ ಗುತ್ತಿಗೆ, 28 ವರ್ಷಕ್ಕೆ. ಜಮೀನು ಇದ್ದವರಿಗೆ ಬಾಡಿಗೆ ಬಂತು. ಕೂಲಿಗೆ ಹೋಗುತ್ತಿದ್ದವರಿಗೆ, ಕುರಿ ಮೇಯಿಸುತ್ತಿದ್ದವರಿಗೆ ಬೇಲಿ ಬಂತು. ಈಗ ಅದೇ ಬೇಲಿ ಪಕ್ಕಕ್ಕೆ ಬ್ಯಾಟರಿ.

ಮುಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ತಾತ ತಲೆ ಅಲ್ಲಾಡಿಸಿದರು. “ಗೊತ್ತಾಯ್ತು ಬಿಡಪ್ಪ. ಹಗೇವು.”

ಹುಡುಗನಿಗೆ ಗೊತ್ತಾಗಲಿಲ್ಲ. ತಾತ ವಿವರಿಸಿದರು. ನೆಲ ಅಗೆದು, ಒಳಗೆ ಹುಲ್ಲು ಹಾಸಿ ರಾಗಿ ತುಂಬಿ, ಬಾಯಿಗೆ ಕಲ್ಲು ಮುಚ್ಚಿ ಮಣ್ಣು ಮೆತ್ತುತ್ತಿದ್ದರು. ಮಳೆ ಕೈಕೊಟ್ಟ ವರ್ಷ ಬಾಯಿ ತೆರೆದರೆ ಊರು ಉಳಿಯುತ್ತಿತ್ತು. ಹುಡುಗನಿಗೆ ಖುಷಿಯಾಯಿತು. “ಅದೇ ತಾತ, ಕರೆಂಟಿನ ಹಗೇವು!”

“ಎಷ್ಟು ವರ್ಷ ಇಡುತ್ತೆ?”

“ಎರಡು ಗಂಟೆ.”

ಸಭೆ ಒಂದು ಕ್ಷಣ ಸುಮ್ಮನಾಯಿತು. ಹುಡುಗ ಬೆವರು ಒರೆಸಿಕೊಂಡು, ದೊಡ್ಡದು ಕಟ್ಟಿದರೆ ನಾಲ್ಕು ಗಂಟೆ ಅಂತ ಸೇರಿಸಿದ. ನೂರು ಯೂನಿಟ್ ತುಂಬಿದರೆ ವಾಪಸ್ ಸಿಗುವುದು ಎಂಬತ್ತೈದರ ಆಸುಪಾಸು ಅಂತಲೂ ಪ್ರಾಮಾಣಿಕವಾಗಿ ಒಪ್ಪಿಕೊಂಡ. “ಮಿಕ್ಕ ಹದಿನೈದು ಸೇರು?” ಅಂದರು ತಾತ. ತುಂಬುವಾಗ, ತೆಗೆಯುವಾಗ, ತಣ್ಣಗಿಡುವಾಗ ಖರ್ಚಾಗುತ್ತೆ ಅಂದ. “ನಮ್ಮ ಇಲಿಗಳೇ ವಾಸಿ” ಅಂದರು.

ಬ್ಯಾಟರಿ ಬೇಡ ಅಂತ ನಾನು ಹೇಳುತ್ತಿಲ್ಲ. ಸೂರ್ಯ ಮುಳುಗಿದ ಮೇಲೆ ಕಲ್ಲಿದ್ದಲು ಸುಡುವ ಬದಲು ಹಗಲಿನ ಬಿಸಿಲನ್ನೇ ಬಳಸಿಕೊಂಡರೆ ಒಳ್ಳೆಯದೇ ಅಲ್ವಾ. ನನ್ನ ಹೊಟ್ಟೆಕಿಚ್ಚು ಬೇರೆಯದು. ಆ ‘ತಣ್ಣಗಿಡುವ’ ಮಾತಿಗೆ ನನ್ನ ಕಿವಿ ನೆಟ್ಟಗಾಯಿತು. ಈ ಪೆಟ್ಟಿಗೆಗಳಿಗೆ ನಮ್ಮ ಬೇಸಿಗೆಯ ನಲವತ್ತು ಡಿಗ್ರಿ ಆಗಿಬರಲ್ಲ. ಸುಮಾರು 25 ಡಿಗ್ರಿ ಇದ್ದರೆ ಹಿತವಂತೆ. ಅದಕ್ಕೇ ಒಳಗೆ ಹಗಲೂ ರಾತ್ರಿ ತಣ್ಣನೆ ನೀರು ಹರಿಸುತ್ತಾರೆ. ಬಿಸಿ ಏರಿದರೆ ಕೂಗುವ ಯಂತ್ರ, ಗಾಳಿ ಕೆಟ್ಟರೆ ಮೂಸುವ ಯಂತ್ರ, ಕ್ಯಾಮೆರಾ, ಕಾವಲು. ನಮ್ಮ ಅಂಗನವಾಡಿಗೆ ತಗಡಿನ ಸೂರು. ಮಕ್ಕಳಿಗೆ ಎಷ್ಟು ಡಿಗ್ರಿ ಹಿತ ಅಂತ ಯಾರೂ ಅಳೆದಿಲ್ಲ. ಮಕ್ಕಳಲ್ಲಿ ಕರೆಂಟ್ ತುಂಬಿಡಲು ಆಗಲ್ಲವಲ್ಲ.

ಗಾಳಿ ಮೂಸುವ ವಿಷಯಕ್ಕೆ ಮಾತ್ರ ತಾತ ಮೆಚ್ಚಿಕೊಂಡರು. ಹಗೇವಿನ ಬಾಯಿ ತೆರೆದ ಕೂಡಲೇ ಇಳಿದು ಉಸಿರುಕಟ್ಟಿ ಸತ್ತವರಿದ್ದಾರೆ. ಮೊದಲು ದೀಪ ಇಳಿಬಿಟ್ಟು ನೋಡುತ್ತಿದ್ದರು. “ಇದಕ್ಕೂ ದೀಪ ಬಿಟ್ಟು ನೋಡ್ತೀರಾ?” ಅಂದಾಗ ಹುಡುಗ ಮೈಕ್ ಬೀಳಿಸಿಕೊಂಡ. “ಬೇಡ ತಾತ, ದೀಪ ಮಾತ್ರ ಬೇಡ!”

ಬೆಂಕಿಯ ಮಾತು ಬಂದೇ ಬಂತು. ಮೊಬೈಲ್ ನೋಡುವ ಹುಡುಗರು ಕೇಳಿಯೇ ಬಿಟ್ಟರು. 2025ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಮಾಸ್ ಲ್ಯಾಂಡಿಂಗ್‌ನಲ್ಲಿ ಇಂಥದ್ದೇ ಬ್ಯಾಟರಿಗೆ ಬೆಂಕಿ ಬಿದ್ದು ಸಾವಿರಕ್ಕೂ ಹೆಚ್ಚು ಜನರನ್ನು ಮನೆ ಬಿಡಿಸಿದರು. ಫೈರ್‌ನವರು ಉರಿದು ಮುಗಿಯಲಿ ಅಂತ ದೂರ ನಿಂತರು. ಹುಡುಗ ಸಮಾಧಾನ ಹೇಳಿದ: ಅದು ಹಳೇ ಬಗೆ, ಕಟ್ಟಡದೊಳಗೆ ಜೋಡಿಸಿದ್ದು. ಈಗಿನದು ಕಬ್ಬಿಣ ಮತ್ತು ಫಾಸ್ಫೇಟಿನದು, ಅಷ್ಟು ಸುಲಭಕ್ಕೆ ಹತ್ತಿಕೊಳ್ಳಲ್ಲ.

ಫಾಸ್ಫೇಟ್ ಅಂದದ್ದೇ ತಪ್ಪಾಯಿತು. “ಓಹೋ, ಸೊಸೈಟಿಯಲ್ಲಿ ಡಿಎಪಿ ಇಲ್ಲ ಅನ್ನೋದು ಇದಕ್ಕೇನಾ!” ಅಂತ ಹಿಂದಿನಿಂದ ಕೂಗು. ಹತ್ತು ನಿಮಿಷ ಸಭೆ ಗೊಬ್ಬರದಂಗಡಿಗೆ ಹೋಗಿ ಬಂತು.

ಹಣದ ವಿಷಯವನ್ನು ಹುಡುಗ ಬೇಗ ಮುಗಿಸಲು ನೋಡಿದ. 2023ರಲ್ಲಿ ಕೇಂದ್ರ ಒಂದು ಯೋಜನೆ ತಂದಿತು. ಬ್ಯಾಟರಿ ಕಟ್ಟುವವರಿಗೆ ಲೆಕ್ಕ ಗಿಟ್ಟದಿದ್ದರೆ ಬಂಡವಾಳದ 40 ಪರ್ಸೆಂಟ್‌ವರೆಗೆ ಸರ್ಕಾರವೇ ಗ್ಯಾಪ್ ತುಂಬುತ್ತೆ ಅಂತ ಆಗ ಹೇಳಿತ್ತು. ಗ್ಯಾಪ್! ಕಡಲೆಕಾಯಿ ಬಿತ್ತಿದವನ ಗ್ಯಾಪಿಗೆ ನಮ್ಮಲ್ಲಿ ಇರುವ ಹೆಸರು ಸಾಲ.

ಆಮೇಲೆ ನಾನು ಎದ್ದು ನಿಂತೆ. ಪಂಪ್‌ಸೆಟ್ಟಿಗೆ ದಿನಕ್ಕೆ ಏಳು ಗಂಟೆ ತ್ರೀ ಫೇಸ್ ಅನ್ನುವುದು ಸರ್ಕಾರದ ಮಾತು. ಏಳರಲ್ಲಿ ಹಗಲೆಷ್ಟು, ರಾತ್ರಿಯೆಷ್ಟು ಅನ್ನುವುದು ಲೈನ್‌ಮನ್ ಫೋನ್ ಎತ್ತಿದ ದಿನ ಗೊತ್ತಾಗುತ್ತೆ. ಟಿಸಿ, ಅಂದ್ರೆ ಟ್ರಾನ್ಸ್‌ಫಾರ್ಮರ್, ಸುಟ್ಟರೆ ನಾವೇ ಚಂದಾ ಎತ್ತಿ, ನಾವೇ ಟ್ರ್ಯಾಕ್ಟರಿಗೆ ಹೇರಿಕೊಂಡು ಹೋಗಬೇಕು. ರಾತ್ರಿ ಒಂದೂವರೆಗೆ ಟಾರ್ಚ್ ಹಿಡಿದು, ಬದುವಿನ ಮೇಲೆ ಹಾವಿಗೆ ಕೇಳಿಸಲಿ ಅಂತ ಕಾಲು ಬಡಿಯುತ್ತಾ ಮೋಟರ್ ಹತ್ತಿರ ಹೋಗುವವನು ನಾನು. “ಹಗಲಿನ ಕರೆಂಟನ್ನು ಇಲ್ಲೇ ತುಂಬಿಡೋ ಬದಲು, ಹಗಲೇ ನಮ್ಮ ಮೋಟರಿಗೆ ಕೊಟ್ಟರೆ ಆಗಲ್ವಾ ಸಾರ್? ನೀರೂ ಒಂಥರಾ ಹಗೇವೇ. ತೊಟ್ಟಿಯಲ್ಲಿ ಎರಡು ಗಂಟೆಗಿಂತ ಜಾಸ್ತಿ ನಿಲ್ಲುತ್ತೆ.”

ದೊಡ್ಡ ಸಾಹೇಬರು ಅಲ್ಲಿಯವರೆಗೆ ನಿದ್ದೆಯಲ್ಲಿದ್ದರು. ಈಗ ಮೈಕ್ ತೆಗೆದುಕೊಂಡರು. ಅದು ಬೇರೆ ವಿಭಾಗ, ಮನವಿ ಕೊಡಿ ಅಂದರು.

ಮನವಿ ಹೇಗೆ ಕೊಡಬೇಕು ಅಂತ ವಿಜಯಪುರ ಜಿಲ್ಲೆಯ ರೋಣಿಹಾಳದವರನ್ನು ಕೇಳಬೇಕು. 2023ರ ಅಕ್ಟೋಬರಿನಲ್ಲಿ ರಾತ್ರಿ ಕರೆಂಟಿಗೆ ರೋಸಿಹೋಗಿ, ಹೊಲದಲ್ಲಿ ಸಿಕ್ಕ ಮೊಸಳೆಯನ್ನು ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ಸೀದಾ ಕರೆಂಟ್ ಸ್ಟೇಷನ್ನಿಗೇ ಹೋದರು. ನಮ್ಮದು ಬರದ ಸೀಮೆ. ಮೊಸಳೆಗೂ ಗತಿಯಿಲ್ಲ.

ಸಹಿ ಹಾಕಿಸಿಕೊಂಡರು, ಟೀ ಕೊಟ್ಟರು. ಜನ ಎದ್ದು ಹೊರಟರು. ಗಂಟಿನ ಅಜ್ಜಿ ಮಾತ್ರ ಹುಡುಗನ ಹತ್ತಿರ ಬಂದು ನಿಂತರು.

“ಅದೆಲ್ಲ ಇರಲಿ ಕಣಪ್ಪ. ಇದು ಎಷ್ಟೊತ್ತಿಗೆ ಹೊರಡುತ್ತೆ?”

ಅವನಿಗೆ ಮತ್ತೆ ಮೊದಲಿಂದ ಹೇಳುವ ಶಕ್ತಿ ಇರಲಿಲ್ಲ. “ಸಂಜೆ ಆರೂವರೆ, ಏಳಕ್ಕೆ ಅಜ್ಜಿ.”

“ಎಲ್ಲಿಗೆ?”

“ಬೆಂಗಳೂರು ಕಡೆಗೆ.”

“ಇಲ್ಲಿ ನಿಲ್ಲುತ್ತಾ?”

“ಇಲ್ಲ ಅಜ್ಜಿ.”

“ಮತ್ತೆ ಬಸ್ಸಲ್ಲ ಅಂತ ಯಾಕೆ ಅಷ್ಟೊತ್ತು ಹೇಳಿದೆ?” ಅಂದು ಅಜ್ಜಿ ಗಂಟನ್ನು ತಲೆ ಮೇಲಿಟ್ಟುಕೊಂಡು ಮನೆ ಕಡೆ ನಡೆದರು.