ದಿಕ್ಕು ತಪ್ಪಿಸುವ ಜಲಸಂಧಿ

ನ್ಯೂಜಿಲೆಂಡಿನ ಎರಡು ದೊಡ್ಡ ಭೂಭಾಗಗಳಿಗೆ ಉತ್ತರ ದ್ವೀಪ, ದಕ್ಷಿಣ ದ್ವೀಪ ಎಂಬ ಹೆಸರುಗಳಿರುವುದರಿಂದ, ನಡುವಿನ ಕುಕ್ ಜಲಸಂಧಿಯನ್ನು ದಾಟುವವರು ತೆಂಕಣದಿಂದ ಬಡಗಣಕ್ಕೆ ಸಾಗುತ್ತಾರೆಂದು ಭಾವಿಸುವುದು ಸಹಜ. ಆದರೆ ಭೂಪಟವನ್ನು ಹರವಿಕೊಂಡು ಕುಳಿತರೆ ಈ ನಂಬಿಕೆ ಹೆಚ್ಚು ಹೊತ್ತು ಉಳಿಯುವುದಿಲ್ಲ. ದಕ್ಷಿಣ ದ್ವೀಪದ ಪಿಕ್ಟನ್ ಬಂದರೂ ಉತ್ತರ ದ್ವೀಪದ ವೆಲಿಂಗ್ಟನ್ ನಗರವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದ ಮೇಲಿವೆ. ಉತ್ತರಕ್ಕೆಂದು ಟಿಕೆಟ್ ಕೊಂಡವರನ್ನು ಫೆರಿ ಸುಮಾರು ಮೂರೂವರೆ ತಾಸಿನಲ್ಲಿ ಪೂರ್ವಕ್ಕೆ ಒಯ್ದು ಇಳಿಸುತ್ತದೆ. ಸಾಲದೆಂಬಂತೆ, ದಕ್ಷಿಣ ದ್ವೀಪದ ಫೇರ್‌ವೆಲ್ ಭೂಶಿರವು ಉತ್ತರ ದ್ವೀಪದ ದಕ್ಷಿಣ ತುದಿಯಾದ ಪ್ಯಾಲಿಸರ್ ಭೂಶಿರಕ್ಕಿಂತ ಒಂದು ಡಿಗ್ರಿಗೂ ಹೆಚ್ಚು ಉತ್ತರದಲ್ಲಿದೆ.

ಅತ್ಯಂತ ಕಿರಿದಾದೆಡೆ ಈ ಜಲಸಂಧಿಯ ಅಗಲ ಸುಮಾರು 22 ಕಿಲೋಮೀಟರ್. ಆಕಾಶ ತಿಳಿಯಾಗಿದ್ದರೆ ಆಚೆ ದಡ ಕಾಣುತ್ತದೆ. ಇಕ್ಕೆಲದ ಬೆಟ್ಟಸಾಲುಗಳ ನಡುವೆ ಪಶ್ಚಿಮದ ಗಾಳಿಗೆ ಸಿಕ್ಕ ಸಂದು ಇದಾದ್ದರಿಂದ ವೆಲಿಂಗ್ಟನ್ನಿನ ಗಾಳಿ ಹೆಸರುವಾಸಿಯಾಗಿದೆ. ನನಗಾದರೋ ಗಾಳಿಗಿಂತ ನೀರಿನ ವರ್ತನೆಯೇ ಹೆಚ್ಚು ಸ್ವಾರಸ್ಯವೆನಿಸುತ್ತದೆ. ಉಬ್ಬರದ ಅಲೆಯು ನ್ಯೂಜಿಲೆಂಡನ್ನು ಅಪ್ರದಕ್ಷಿಣವಾಗಿ ಸುತ್ತುವುದರಿಂದ, ಪೆಸಿಫಿಕ್ ಕಡೆಯಲ್ಲಿ ನೀರು ಏರಿದ ಸುಮಾರು ಐದು ತಾಸಿನ ಬಳಿಕ ಟಾಸ್ಮನ್ ಸಮುದ್ರದ ಕಡೆಯಲ್ಲಿ ಏರುತ್ತದೆ. ಹೀಗಾಗಿ ಏತದ ಮರದಂತೆ ಒಂದು ತುದಿ ಮೇಲಿದ್ದಾಗ ಇನ್ನೊಂದು ಕೆಳಗಿರುತ್ತದೆ, ಮತ್ತು ನೀರು ಎತ್ತರದ ಕಡೆಯಿಂದ ತಗ್ಗಿನ ಕಡೆಗೆ ಜಲಸಂಧಿಯೊಳಗೆ ನುಗ್ಗುತ್ತದೆ. ವಿಚಿತ್ರವೆಂದರೆ, ನಟ್ಟನಡುವೆ ನೀರಿನ ಮಟ್ಟ ಏರಿಳಿಯುವುದು ಅತ್ಯಲ್ಪ, ಹರಿವಿನ ರಭಸ ಮಾತ್ರ ಅಪಾರ. ಲೆಕ್ಕದ ಪ್ರಕಾರ ಆರು ತಾಸಿಗೊಮ್ಮೆ ಹರಿವು ತಿರುಗಬೇಕು. ಹವೆ ಕೆಟ್ಟಾಗ ಅದು ಎಂಟು ಹತ್ತು ತಾಸು ಒಂದೇ ದಿಕ್ಕಿಗೆ ಹರಿದು, ಮರುಹರಿವು ಹೆಸರಿಗಷ್ಟೇ ಉಳಿಯುವುದೂ ಉಂಟು.

1642ರ ಡಿಸೆಂಬರಿನಲ್ಲಿ ಬಿರುಗಾಳಿಗೆ ಅಂಜಿ ಪಶ್ಚಿಮದ ಬಾಯಲ್ಲಿ ಲಂಗರು ಹಾಕಿದ್ದ ಡಚ್ ನಾವಿಕ ಏಬಲ್ ಟಾಸ್ಮನ್, ಆಗ್ನೇಯದಿಂದ ಬರುತ್ತಿದ್ದ ಇದೇ ಹರಿವನ್ನು ಗಮನಿಸಿ ಅತ್ತ ದಾರಿಯಿರಬಹುದೆಂದು ಶಂಕಿಸಿದ್ದ. ಗಾಳಿ ಎದುರಾದ್ದರಿಂದ ಹೋಗಿ ನೋಡಲಾಗಲಿಲ್ಲ. ಆ ಜಾಗವನ್ನು ಕೊಲ್ಲಿಯೆಂದು ಕರೆದು ಮುಂದೆ ನಡೆದ. 1770ರ ಜನವರಿಯಲ್ಲಿ ಬ್ರಿಟಿಷ್ ನಾವಿಕ ಜೇಮ್ಸ್ ಕುಕ್ ಅರಾಪಾವಾ ದ್ವೀಪದ ಗುಡ್ಡ ಹತ್ತಿ ಜಲಸಂಧಿಯನ್ನು ಕಣ್ಣಾರೆ ಕಂಡ, ಹೆಸರು ಅವನದಾಯಿತು. ರೌಕಾವಾ ಎಂದು ಕರೆದು ಶತಮಾನಗಳಿಂದ ದೋಣಿಯಲ್ಲಿ ದಾಟುತ್ತಿದ್ದ ಮೂಲನಿವಾಸಿ ಮಾವೊರಿಗಳಿಗೆ ಇದರಲ್ಲಿ ಹೊಸತೇನೂ ಇರಲಿಲ್ಲ. ಯುರೋಪಿನವರ ಪೈಕಿ ಮಾತ್ರ ಹೇಳುವುದಾದರೆ, ಗುಡ್ಡ ಹತ್ತದೆ ಬರಿಯ ನೀರನ್ನು ನೋಡಿ ಊಹಿಸಿದ ಟಾಸ್ಮನ್ನನಿಗೂ ಅರ್ಧ ಪಾಲು ಸಲ್ಲಬೇಕೆಂದು ನನ್ನ ವಾದ.